ಅವ್ವ ಹುಳದ ಮನೆಯೊಳಗೆ ಬರಲಿಲ್ಲ

ಡಾಕ್ಟರು ಆ ಮಾತು ಹೇಳುವಾಗ ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು ಎಂದೇ ನನ್ನ ನೆನಪು. ತಮ್ಮ ಮಹೇಶ ಒಪ್ಪುವುದಿಲ್ಲ. "ಇಲ್ಲ ಕಣಕ್ಕ, ನನ್ ಪಕ್ಕದಾಗೇ ನಿಂತಿತ್ತು, ಬಾಯಿಗೆ ಸೆರಗು ಇಟ್ಕೊಂಡು" ಎನ್ನುತ್ತಾನೆ. ಸೆರಗು ನನಗೂ ನೆನಪಿದೆ. ಆದರೆ ಅದು ಬಸ್ಸಿನಲ್ಲಿ ಕಂಡದ್ದೂ ಇರಬಹುದು.

ಕಳೆದ ವರ್ಷದ ಮಾತು. ಕೈಲಾಂಚದ ನಮ್ಮ ತವರಿನಲ್ಲಿ ರೇಷ್ಮೆ ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಅದಕ್ಕೂ ಮೊದಲೇ ಅವ್ವನ ಎದೆಯ ಗಂಟು ತೆಗೆಸಿ, ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಬೆನ್ನುನೋವು ಶುರುವಾದಾಗ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತದ್ದಕ್ಕೆ ಅಂದುಕೊಂಡೆವು. ರಾಮನಗರದ ಡಾಕ್ಟರು ಸ್ಕ್ಯಾನ್ ನೋಡಿ, ಬೆಂಗಳೂರಿನ ಕ್ಯಾನ್ಸರ್ ತಜ್ಞರ ಬಳಿ ಕಳಿಸಿದರು.

"ಮೂಳೆಗೆ ಹರಡಿದೆ. ಪೂರ್ತಿ ವಾಸಿ ಮಾಡೋಕಾಗಲ್ಲ. ಮಾತ್ರೆ, ಇಂಜೆಕ್ಷನ್ನಿಂದ ಹತೋಟೀಲಿ ಇಡಬಹುದು" ಎಂದರು ಅವರು.

"ವಾಸಿ ಆಗಕಿಲ್ಲ ಅಂದ್ಮೇಲೆ ಮಾತ್ರೆ ಯಾಕೆ ಸಾರ್?" ಅಂದ ಮಹೇಶ.

"ಶುಗರ್‌ಗೆ ದಿನಾ ತಗೊಳ್ಳಲ್ವಾ? ಹಾಗೆ. ಎಷ್ಟು ಕಾಲ ಕೆಲಸ ಮಾಡುತ್ತೆ ಅಂತ ಈಗಲೇ ಹೇಳೋಕಾಗಲ್ಲ."

ನಾನು ತಲೆಯಾಡಿಸಿದೆ. ಧೈರ್ಯ ಹೇಳಿದರೋ ಕೈಚೆಲ್ಲಿದರೋ ತಿಳಿಯಲಿಲ್ಲ. ಅವ್ವ ಆಸ್ಪತ್ರೆಯಲ್ಲೇ ಮೊದಲ ಮಾತ್ರೆ ನುಂಗಿದಳು. ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ: "ಹುಳ ಹಣ್ಣಾಗಿರ್ತವಾ?"

ಹಣ್ಣಾಗಿದ್ದವು. ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡದೆ ಹುಳದ ಮನೆಗೆ ಕಾಲಿಡಬಾರದು. ಔಷಧಿಯ ವಾಸನೆ ಹುಳಕ್ಕಾಗದು ಎಂಬುದು ಅವ್ವನ ಕಟ್ಟಳೆ. ನಾವೆಲ್ಲ ನೀರು ಹುಯ್ದುಕೊಂಡೆವು. ನಾನೂ ಮಹೇಶನೂ ಒಳಗೆ ಹೋಗಿ, ಹುಳ ಆಯ್ದು ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡತೊಡಗಿದೆವು. ಅವ್ವ ಮಾತ್ರ ಹೊರಗೆ, ಕಿಟಕಿಯ ಜಾಲರಿಗೆ ಹಣೆ ಒತ್ತಿ ನಿಂತಳು.

"ಏಯ್, ಅದಿನ್ನೂ ಹಣ್ಣಾಗಿಲ್ಲ ಕಣೇ! ಪ್ಯಾಟೆ ಸೇರಿ ಕಣ್ಣೂ ಕಳ್ಕೊಂಡ್ಯಾ?"

"ನೀನೇ ಬಂದು ಬುಡವ್ವ ಹಂಗಾದ್ರೆ. ಸ್ನಾನ ಆಯ್ತಲ್ಲ" ಅಂದೆ ನಾನು.

"ಮಾತ್ರೆ ಮೈಯೊಳ್ಗೈತೆ. ಅದನ್ನ ಎಂಗೆ ತೊಳೀಲಿ?"

ಮಹೇಶ ನಕ್ಕ. ನಾನೂ ನಕ್ಕೆನೇನೋ. ಆಮೇಲೆ ಅವಳು, "ಮುಂದಿನ ಬೆಳೆಗೆ ಮರಿಹುಳ ಅರ್ಧದಷ್ಟೇ ತರ್ಸು ಕಣ್ಲಾ ಮಹೇಶ, ಸಾಕು" ಎಂದಳು.

ಅರ್ಧ ಯಾಕೆ ಎಂದು ನಾವಿಬ್ಬರೂ ಕೇಳಲಿಲ್ಲ. ಬೆನ್ನು ನೋವಿಗೋ, ಸೊಪ್ಪು ಸಾಲದೆಂದೋ, ಡಾಕ್ಟರ ಮಾತು ಕಿವಿಗೆ ಬಿದ್ದಿದ್ದಕ್ಕೋ.

ಮೊನ್ನೆಯ ಸ್ಕ್ಯಾನಿನಲ್ಲಿ ಕಾಯಿಲೆ ಹೆಚ್ಚಿಲ್ಲವಂತೆ. ಅವ್ವ ಈಗಲೂ ದಿನಾ ಮಾತ್ರೆ ನುಂಗುತ್ತಾಳೆ, ಈಗಲೂ ಕಿಟಕಿಯಲ್ಲೇ ನಿಂತು ಬೈಯುತ್ತಾಳೆ. ಅವಳಿಗೆ ಎಷ್ಟು ಗೊತ್ತು ಎಂಬುದು ನನಗೆ ಗೊತ್ತಿಲ್ಲ.