ಕರಡಿಗೆಯ ನೆರಳು

‘ಹಂಚ ಸುಡೂ ಮನ್ಯಾಗ ಡಿಗ್ರಿ ಬೇಯೂದಿಲ್ಲೋ ಯಣ್ಣಾ’ ಎಂದು ಅಪ್ಪನಿಗೆ ಹೇಳಿದವನು ನನ್ನ ಕಾಕಾ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಇಬ್ಬರೂ ಕೂಡಿಯೇ ದುಡಿಯುತ್ತಿದ್ದರು. ‘ಬೇಯತನಾ ನಾ ಒಲಿ ಮುಂದಿಂದ ಏಳೂದಿಲ್ಲ’ ಅಂದ ಅಪ್ಪ. ನಾನು ಬೆಳಗಾವಿಯ ಶಿವಬಸವ ನಗರದಲ್ಲಿ ರೂಮು ಹಿಡಿದು ಓದಿದೆ.

ಕೊನೆಯ ವರ್ಷ ಅಪ್ಪನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಬೆಳಗಾವಿಗೆ ಕರೆಸಿ ಎದೆಯ ಎಕ್ಸ್‌ರೇ ತೆಗೆಸಿದೆ. ಮೈಮೇಲಿನ ಲೋಹ ತೆಗೆಯಿರಿ ಎಂದಿದ್ದರು. ಅಪ್ಪ ಅಂಗಿ ಕಳಚಿದ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮಾತ್ರ ಕೊರಳಿಂದ ತೆಗೆಯಲಿಲ್ಲ. ಲಿಂಗ ಮೈಬಿಟ್ಟರೆ ಜೀವ ಬಿಟ್ಟಂತೆ ಎಂದು ನಂಬಿದವನು. ಹೃದಯದ ಬಾಜು ಗಂಟುಗಳಿದ್ದಂತಿವೆ, ಆದರೆ ಕರಡಿಗೆ ಅಡ್ಡ ಬಂದಿದೆ, ಇನ್ನೊಮ್ಮೆ ತೆಗೆಸಿ ಎಂದರು ಡಾಕ್ಟರು.

ಹೊರಗೆ ಬಂದ ಅಪ್ಪ ನಕ್ಕ. ‘ಗಂಟೂ ಇಲ್ಲ, ಗಿಂಟೂ ಇಲ್ಲ. ಎಲ್ಲಾ ಕರಡಿಗಿ ನೆಳ್ಳ. ನಡಿಯವಾ, ನಿನ್ನ ಪರೀಕ್ಷಾ ಹತ್ರ ಬಂತು.’

ಓದಿದವಳು ನಾನು. ಆದರೂ ನಂಬಿದೆ. ನಂಬುವುದು ನನಗೂ ಬೇಕಾಗಿತ್ತು.

ಪರೀಕ್ಷೆ ಮುಗಿಯುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು, ಅಪ್ಪ ಅರ್ಧ ಆಗಿದ್ದ. ಈ ಸಲ ಸ್ಕ್ಯಾನ್. ಲಿಂಗವನ್ನು ಕರಡಿಗೆಯಿಂದ ತೆಗೆದು, ಬಿಳಿ ಅರಿವೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಮಲಗಿದ. ಕರಡಿಗೆ ನನ್ನ ಕೈಯಲ್ಲಿತ್ತು, ಇನ್ನೂ ಬೆಚ್ಚಗೆ. ಗಂಟುಗಳು ಇದ್ದಲ್ಲೇ ಇದ್ದವು.

‘ಟಿಬಿ ಇದ್ರ ಗುಳಿಗಿಲೆ ಕರಗ್ತಾವ,’ ಅಂದರು ಡಾಕ್ಟರು. ‘ಹಂಚಿನ ಧೂಳದಿಂದ ಆಗಿದ್ರ ಸುಮ್ನ ಹಂಗ ಇರಬಹುದು. ಕ್ಯಾನ್ಸರ್ ಇದ್ರ ಬ್ಯಾರೇ ಮಾತು. ಸೂಜಿ ಹಾಕಿ ನೋಡದ ಹೇಳಾಕ ಬರೂದಿಲ್ಲ.’

ಅಪ್ಪ ಕೇಳಿದ್ದು ಒಂದೇ: ‘ಮಗಳ ಸರ್ಟಿಫಿಕೇಟ್ ನೋಡತನಾ ಇರ್ತೀನೇನ್ರಿ?’

ಕ್ಯಾನ್ಸರ್ ಆಗಿತ್ತು. ಸರ್ಟಿಫಿಕೇಟ್ ಬರುವ ಮೊದಲೇ ಅಪ್ಪ ಹೋದ. ಆ ಮೂರು ತಿಂಗಳು ಕಳೆಯದೆ ಮೊದಲೇ ತೋರಿಸಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಈಗಲೂ ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟು ಕೂಡುತ್ತೇನೆ. ಅಪ್ಪನಿಗೆ ಗಾಳಿ ಬೇಕಿತ್ತು.

ನಮ್ಮ ಮನೆತನದ ಮೊದಲ ಪದವಿ ಅದು; ಹೆಮ್ಮೆಯಿಲ್ಲ ಎಂದರೆ ಸುಳ್ಳಾದೀತು. ಸರ್ಟಿಫಿಕೇಟ್ ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಓದಲು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಬಹಳ ಹೊತ್ತು ನೋಡಿದಳು.

‘ನಿಮ್ಮಪ್ಪನ ಹೆಸರ ಎಲ್ಲೈತಿ? ಬಟ್ಟ ಇಟ್ಟ ತೋರಸು,’ ಅಂದಳು. ಬೆರಳಿಟ್ಟು ತೋರಿಸಿದೆ.

‘ತಗೀಬ್ಯಾಡ ತಡಿ. ಅಲ್ಲೇ ಇರಲಿ ಬಟ್ಟ.’