ಹಳದಿ ಬಟ್ಟಲಿಗೆ ಕೊಟ್ಟ ಮಾತು

ಕಾಪುವಿನ ಕಡಲ ಬದಿಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಅಣ್ಣು ಕೋಟ್ಯಾನರನ್ನು ಊರು ಕರೆಯುತ್ತಿದ್ದುದು 'ಸ್ಪೇನ್ ಅಣ್ಣು' ಎಂದು. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಹಿಂದೆ ಕೆಲಸಕ್ಕಿದ್ದ ಹಡಗಿನ ಅಡುಗೆಮನೆಯ ಡಬ್ಬಿಗಳ ಮೇಲೆ. ಆದರೂ ಮಡಿಲಲ್ಲಿ ಬಲೆಯಿದ್ದರೆ ಪಕ್ಕದಲ್ಲಿ ಎಣ್ಣೆ ಕಲೆಯ ನೋಟುಪುಸ್ತಕ ಇರಲೇಬೇಕು. ಅದರ ತುಂಬ ಸ್ಪ್ಯಾನಿಷ್ ಶಬ್ದಗಳು, ಒಂದೊಂದರ ಎದುರಿಗೂ ಕನ್ನಡದಲ್ಲಿ ಅರ್ಥ.

ಆ ಪುಸ್ತಕ ಹುಟ್ಟಿದ್ದು ೧೯೭೩ರಲ್ಲಿ. ಸ್ಪೇನಿನ ಒಂದು ಬಂದರಿನಲ್ಲಿ ಅಣ್ಣುವಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಗೆ ಸೇರಿಸಿ ಹಡಗು ತನ್ನ ದಾರಿ ಹಿಡಿಯಿತು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡ ಮುದುಕ, ರಮೀರೊ. ಅವನೂ ಮೀನು ಹಿಡಿಯುವವನು. ಮಗಳು ಎಲ್ವೀರಾ ತಂದ ಸಾರಿನಲ್ಲಿ ಅರ್ಧ ಅಣ್ಣುವಿಗೆ ದಾಟಿಸುತ್ತಿದ್ದ, ಜೊತೆಗೊಂದು ಪಾಠ. ಹಿಡಿಸುವುದು 'ಅಗ್ರದಾರ್', ಉಪಕಾರ ನೆನೆಯುವುದು 'ಅಗ್ರದೆಸೇರ್'. ಎರಡೂ ಒಂದೇ ಬಳ್ಳಿಯ ಕಾಯಿ, ರುಚಿ ಬೇರೆ. "ಸಾರು ಅಗ್ರದಾಬ್ಲೆ, ಅಂದರೆ ಹಿತ. ಕುಡಿದ ನೀನು ಅಗ್ರದೆಸೀದೊ, ಋಣ ನೆನೆಯುವವನು. ಅದಲುಬದಲು ಮಾಡಿದರೆ ಸಾರೇ ಎದ್ದು ನಿನಗೆ ಕೈಮುಗಿದೀತು!" ಎಂದು ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ನಗಿಸಿದ್ದ.

ಆಸ್ಪತ್ರೆ ಬಿಟ್ಟ ಮೇಲೆ, ಕಂಪನಿಯ ಟಿಕೇಟು ಬರುವ ತನಕ ಮೂರು ವಾರ ರಮೀರೊ ತನ್ನ ಮನೆಯಲ್ಲೇ ಇಟ್ಟುಕೊಂಡ. ಅಣ್ಣುವಿಗೆಂದೇ ಒಂದು ಹಳದಿ ಬಟ್ಟಲು. ದಿನಕ್ಕೆ ಮೂರು ಹೊತ್ತು ಅದು ತುಂಬುತ್ತಿತ್ತು. ಹೋದ ಜೀವ ಮರಳಿ ಮೈಗೆ ಕೂತದ್ದು ಆ ಬಟ್ಟಲಿನಿಂದ.

ಊರಿಗೆ ಬಂದ ಅಣ್ಣು ಪ್ರತಿ ವರ್ಷ ರಮೀರೊಗೆ ಕಾಗದ ಬರೆಯಲು ಕೂರುತ್ತಿದ್ದರು. ಒಂದು ಕ್ರಿಯಾಪದ ಸಂಶಯವಾದರೂ ಹರಿದು ಒಲೆಗೆ. ಹಾಗೆ ಏಳು ವರ್ಷ ಕಳೆಯಿತು.

ಎಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ವೀರಾಳ ಕಾಗದವೇ ಬಂತು. ಅಣ್ಣು ಪುಸ್ತಕ ತೆರೆದು ಶಬ್ದಕ್ಕೆ ಶಬ್ದ ಹೊಂದಿಸಿ ಓದಿದರು. 'ಅಣ್ಣು ಮರಳಿ ಬರುತ್ತೇನೆಂದು ಹೇಳಿ ಹೋದ ಎಂದು ಅಪ್ಪ ಹೇಳುತ್ತಾನೆ. ಹಲಗೆಯ ಮೇಲಿಟ್ಟ ಹಳದಿ ಬಟ್ಟಲನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಈಗೀಗ ಅವನಿಗೆ ಬೇಸರ. ನೀವು ಬದುಕಿದ್ದೀರೋ ಇಲ್ಲವೋ, ಅಥವಾ ಮಾತಿಗೆ ತಪ್ಪುವ ಮನುಷ್ಯರೋ, ಒಂದು ಗೆರೆ ಬರೆಯಿರಿ.'

ಅಣ್ಣು ಕಾಗದ ಮಡಿಚಿ ಪುಸ್ತಕದೊಳಗಿಟ್ಟರು. ಹೆಂಡತಿ ಸುಗಂಧಿ ಇಣುಕಿದಳು. "ಎಂತ, ಮುಖ ಬಿಸಿಲಿಗೆ ಹಾಕಿದ ಬಂಗುಡೆಯ ಹಾಗೆ ಆಯ್ತಲ್ಲ?"

"ಹೊರಡುವಾಗ 'ವುಎಲ್ವೊ' ಹೇಳಿದ್ದೆ ಮಾರಾಯ್ತಿ. ಬರ್ತೇನೆ ಅಂತ."

"ಮತ್ತೆಂತ ಹೇಳುದು? ಮನೆ ಬಾಗಿಲಲ್ಲಿ ನಿಂತು 'ಹೋಗ್ತೇನೆ' ಅಂತ ಯಾರಾದ್ರೂ ಹೇಳ್ತಾರಾ?"

ಅದೇ ಆದದ್ದು. 'ಮೆ ವೋಯ್', ಹೊರಟೆ, ಎನ್ನುವುದು ಅಣ್ಣುವಿಗೆ ಗೊತ್ತಿತ್ತು. ಆದರೆ ಕಡಲಿಗಿಳಿಯುವವರ ಮನೆಯಲ್ಲಿ ಹುಟ್ಟಿದವರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಚಿಕ್ಕಂದಿನಲ್ಲಿ 'ಹೋಗ್ತೇನೆ' ಅಂದದ್ದಕ್ಕೆ ಅಮ್ಮ ಬಾಯಿಗೇ ಬಡಿದಿದ್ದಳು. ಇಲ್ಲಿ ಅದು ಶಾಸ್ತ್ರ. ಅಲ್ಲಿ ಮುದುಕ ಅದನ್ನು ಕೊಟ್ಟ ಮಾತೆಂದು ಎತ್ತಿಟ್ಟುಕೊಂಡ. ಜೀವ ಉಳಿಸಿದವನ ಮನಸ್ಸಿನಲ್ಲಿ ತಾನು ಸುಳ್ಳುಗಾರನಾಗಿ ಉಳಿಯುವುದೇ?

"ಅಲ್ಲ, ಇಷ್ಟು ವರ್ಷದಲ್ಲಿ ಒಂದು 'ಉಪಕಾರ ಆಯ್ತು' ಅಂತಲೂ ಬರೀಲಿಲ್ವಾ ನೀವು?" ಸುಗಂಧಿ ಕೇಳಿದಳು.

"ತಪ್ಪು ಬರೆದ್ರೆ..."

"ಅನ್ನ ಹಾಕಿದವರಿಗೆ ಕಾಗದ ಬರೀರಿ ಅಂದ್ರೆ ಪರೀಕ್ಷೆ ಬರೆಯುದಾ ನೀವು? ನಿಮ್ಮ ಮಾರ್ಕು ಯಾರಿಗೆ ಬೇಕು?"

ಅಣ್ಣು ಬಾಯಿ ಮುಚ್ಚಿ ಪೆನ್ನು ತೆರೆದರು. ನಮ್ಮಲ್ಲಿ ಹೋಗುವವ ಹೋಗುತ್ತೇನೆ ಎನ್ನುವುದಿಲ್ಲ; ಮನೆಯವರ ಎದೆಗೆ ಧೈರ್ಯ ಇರಲೆಂದು ಬರುತ್ತೇನೆ ಎನ್ನುತ್ತಾನೆ ಎಂದು ಬರೆದರು. ಹಡಗಿನ ಕೆಲಸ ಈಗಿಲ್ಲ, ಬರಲಾಗಲಿಕ್ಕಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಕೊನೆಗೆ, ಸಾರು ಅಗ್ರದಾಬ್ಲೆ ಆಗಿತ್ತು, ನಾನು ಇಂದಿಗೂ ಅಗ್ರದೆಸೀದೊ ಎಂದರು. ನಡುವೆ ಎಲ್ಲೋ ತಪ್ಪಿದೆ ಅನ್ನಿಸಿತು. ಹರಿಯಲಿಲ್ಲ.

ಅಷ್ಟರಲ್ಲಿ ಸುಗಂಧಿ ಕಂಚಿನ ಬಟ್ಟಲೊಂದನ್ನು ಹುಣಸೆ ಹಾಕಿ ತಿಕ್ಕಿ ಹಲಗೆಯ ಮೇಲೆ ಕವಚಿಟ್ಟಳು. "ಅವರು ಒಂದು ಇಟ್ಟಿದ್ದಾರಲ್ಲ, ಇದು ಅವರದ್ದು ಇಲ್ಲಿ. ಅದನ್ನೂ ಬರೀರಿ." ಬರೆದರು.

ಉತ್ತರ ಬಂದದ್ದು ಎರಡು ತಿಂಗಳ ಮೇಲೆ. ಈ ಸಲ ರಮೀರೊನದೇ ಕೈ. ಅಕ್ಷರಗಳು ಅಲೆಗೆ ಸಿಕ್ಕಿದ ದೋಣಿಗಳಂತೆ ಓಲಾಡುತ್ತಿದ್ದವು.

'ತಪ್ಪು ನಾಲ್ಕು ಮಾಡಿದ್ದೀ. ಗುರು ನಾನು, ಆದ್ದರಿಂದ ಮಾಫಿ. ನಿನ್ನ ಬಟ್ಟಲನ್ನು ಹಲಗೆಯಿಂದ ಇಳಿಸುವುದಿಲ್ಲ, ಅಲ್ಲೇ ಇರಲಿ. ನಿಮ್ಮವರ ಮಾತು ಚೆನ್ನಾಗಿದೆ. ಈಗ ರೊಟ್ಟಿ ತರಲು ಹೊರಡುವಾಗಲೂ ಮಗಳಿಗೆ ವುಎಲ್ವೊ ಎನ್ನುತ್ತೇನೆ. ನಗುತ್ತಾಳೆ. ಆದರೆ ನಾನು ತಿರುವು ದಾಟುವವರೆಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ. ಇದಕ್ಕೆ ನಾನು ನಿನಗೆ ಅಗ್ರದೆಸೀದೊ.'

ಅಣ್ಣು ಎರಡು ಸಲ ಓದಿದರು. ಸುಗಂಧಿಗೂ ಓದಿ ಹೇಳಿದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಾಲ್ಕು ತಪ್ಪು ಯಾವುದಂತೆ?" ಎಂದು ಕೇಳಿದಳು.

"ಹೇಳಲಿಲ್ಲ," ಎಂದು ಅಣ್ಣು ಬಲೆ ಹೆಗಲಿಗೇರಿಸಿದರು. "ಬರ್ತೇನೆ."

"ಬನ್ನಿ," ಎಂದಳು ಸುಗಂಧಿ, ಮತ್ತು ಬಾಗಿಲಲ್ಲೇ ನಿಂತಳು.