ಖಾರಪುಡಿಗೊಂದು ಮೈಕು

ನಿವೃತ್ತಿಯಾಗಿ ಮೂರು ವರ್ಷ ಕಳೆದಿದ್ದರೂ ಶಾಲೆಯ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇತ್ತು. ಐದಕ್ಕೆ ಏಳುವುದು, ಏಳಕ್ಕೆ ನಾಷ್ಟಾ, ಎಂಟಕ್ಕೆ ಆ ದಿನದ ಕೆಲಸಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಾಗೆ ಬರೆದ ಒಂದು ಸಾಲೇ ಆ ಬೇಸಿಗೆಯಲ್ಲಿ ನನ್ನ ನಿದ್ದೆ ಕೆಡಿಸಿತು: ‘ಆರನೆಯ ರವಿವಾರ, ಬೆಳಿಗ್ಗೆ ಹತ್ತು, ಮಷಿನ್.’

ಬ್ಯಾಡಗಿಯಲ್ಲಿ ನನ್ನ ತಂಗಿ ಖಾರಪುಡಿ ಮಾಡಿ ಮಾರುತ್ತಿದ್ದಳು. ರಾಣೆಬೆನ್ನೂರಿನ ಕಿರಾಣಿ ಅಂಗಡಿಗಳಲ್ಲಿ ಅವಳ ಪುಡಿಗೆ ಒಳ್ಳೆಯ ಹೆಸರಿತ್ತು. ಟಿವಿಯಲ್ಲಿ ಜಾಹೀರಾತು ಬರುವ ಪ್ಯಾಕೆಟ್ಟುಗಳು ಬಂದ ಮೇಲೆ ಅಂಗಡಿಯವರು ಒಬ್ಬೊಬ್ಬರಾಗಿ ಅವಳನ್ನು ಕೈಬಿಟ್ಟರು. ಖಾರ ಕುಟ್ಟುವ ಮಷಿನ್ ವಾರದಲ್ಲಿ ನಾಲ್ಕು ದಿನ ಸುಮ್ಮನೆ ನಿಲ್ಲತೊಡಗಿತು. ರಾಣೆಬೆನ್ನೂರಿನ ಗಿರಣಿಯವರೊಬ್ಬರು ಅದನ್ನು ಕೊಳ್ಳುತ್ತೇವೆಂದರು. ತಂಗಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಾವುದಕ್ಕೂ ಒಂದು ಗಡುವು ಇರಬೇಕು ಎನ್ನುವವಳು ನಾನು. ಅವಳನ್ನು ಕೇಳದೆಯೇ ಅವರಿಗೆ ಹೇಳಿಬಿಟ್ಟೆ: ‘ಆರು ವಾರ ನೋಡ್ತೇವ್ರಿ. ವ್ಯಾಪಾರ ಹತ್ತಲಿಲ್ಲಂದ್ರ ಆರನೇ ರವಿವಾರ ಹತ್ತಕ್ಕ ಟೆಂಪೊ ತಗೊಂಡ ಬರ್ರಿ.’

ಹೇಳಿದ ಗಳಿಗೆಯಿಂದಲೇ ವ್ಯಾಪಾರ ಹೆಚ್ಚಿಸುವ ದಾರಿ ಹುಡುಕತೊಡಗಿದೆ.

ಹಾವೇರಿಯ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವರೊಬ್ಬರಿದ್ದರು. ತಂಗಿಯ ಪುಡಿಗೆ ರೇಡಿಯೋದಲ್ಲಿ ಜಾಹೀರಾತು ಕೊಡಲಾದೀತೇ ಎಂದು ಅವರನ್ನು ಕೇಳಿದೆ. ‘ಈಗ ರೇಡಿಯೋ ಸ್ಟೇಷನ್ನ ಬೇಕಂತಿಲ್ರಿ ಅಕ್ಕೋರ,’ ಎಂದರು ಅವರು. ನಮ್ಮ ಕಡೆ ಶಿಕ್ಷಕಿ ಎಲ್ಲರಿಗೂ ಅಕ್ಕೋರೇ. ‘ಮಾತು ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಏರಿಸಿದ್ರ ಪುಣೇದಾಗ ಕುಂತ ನಮ್ಮ ಊರಾವ್ರೂ ಕೇಳ್ತಾರ. ಪಾಡ್‌ಕಾಸ್ಟ್ ಅಂತಾರ ಅದಕ್ಕ.’

ನೋಟ್‌ಬುಕ್ ತೆಗೆದೆ. ಏನೇನು ಬೇಕು? ಕಿವಿಗೆ ಹಾಕುವ ಮೈಕು ಒಂದು, ರಾಣೆಬೆನ್ನೂರಿನಲ್ಲಿ ಸಿಗುತ್ತದೆ. ಅದರ ಬಾಯಿಗೆ ಸುತ್ತಲು ತೆಳು ಅರಿವೆ, ಇಲ್ಲದಿದ್ದರೆ ಉಸಿರು ಬಡಿದು ಬುಸ್ ಎನ್ನುತ್ತದೆ. ಪುಕ್ಕಟೆ ಸಿಗುವ ರೆಕಾರ್ಡಿಂಗ್ ತಂತ್ರಾಂಶ, ಅದನ್ನು ಅವರೇ ಸಿಡಿಯಲ್ಲಿ ಕೊಟ್ಟರು. ದನಿ ಮಾರ್ದನಿಸದಂತೆ ಗೋಡೆಗೆ ತೂಗುಹಾಕಲು ಕೌದಿಗಳು. ಕರೆಂಟು ಹೋದರೆ ಮಾತು ಉಳಿಯಲೆಂದು ಒಂದು ಹಳೆಯ ಯುಪಿಎಸ್. ಪೆನ್‌ಡ್ರೈವ್. ಕಂಪ್ಯೂಟರ್ ತಂಗಿಯ ಮನೆಯಲ್ಲೇ ಹಳೆಯದೊಂದಿತ್ತು. ಇದರ ಜೊತೆಗೆ ಬ್ಯಾಡಗಿಯಲ್ಲಿ ಕರೆಂಟು ಹೋಗಿಬರುವ ವೇಳಾಪಟ್ಟಿಯನ್ನೂ ಬರೆದುಕೊಂಡೆ.

ಎರಡನೆಯ ವಾರ ಎಲ್ಲವನ್ನೂ ಹೊತ್ತು ಬ್ಯಾಡಗಿಗೆ ಹೋದೆ. ತಂಗಿಯ ಒಳಮನೆಯಲ್ಲಿ ಕೌದಿ ಕಟ್ಟಿ, ಗೋಡೆ ಗಡಿಯಾರವನ್ನು ಹೊರಗಿಟ್ಟು, ನಾನು ಬರೆದಿದ್ದ ಭಾಷಣವನ್ನು ಅವಳ ಕೈಗೆ ಕೊಟ್ಟೆ. ಅವಳು ಎದ್ದು ನಿಂತಳು.

‘ಕುಂತ ಓದವಾ.’

‘ಕುಂತ್ರ ನನಗ ಬರಂಗಿಲ್ಲಕ್ಕಾ. ಐದನೇ ಕ್ಲಾಸಿನ್ಯಾಗ ನೀನ ಅಕ್ಕೋರ, ನಿನ್ನ ಮುಂದ ನಿಂತ ಓದಿದಾಕಿ ನಾ. ಕುಂತ್ರ ಬೈತೀ ಅನಸ್ತದ.’

ನಿಂತೇ ಓದಿದಳು, ಪರೀಕ್ಷೆಯ ದನಿಯಲ್ಲಿ. ಕೇಳಲಾಗಲಿಲ್ಲ. ಮೂರನೆಯ ವಾರವೂ ಹಾಗೇ ಹೋಯಿತು. ಬಸ್ಸಿನಲ್ಲಿ ಕುಳಿತು ದಿನಗಳನ್ನು ಎಣಿಸಿದೆ, ಇಳಿದ ಮೇಲೂ ಎಣಿಸಿದೆ.

ನಾಲ್ಕನೆಯ ವಾರ ಬೇಸತ್ತು ಕಾಗದ ಮಡಚಿಟ್ಟೆ. ಅವಳು ಹಗುರಾಗಿ, ಮೊರದ ತುಂಬ ಮೆಣಸಿನಕಾಯಿ ಹಾಕಿಕೊಂಡು ನೆಲಕ್ಕೆ ಕುಳಿತು ತೊಟ್ಟು ಮುರಿಯತೊಡಗಿದಳು. ಕೈ ಓಡತೊಡಗಿದ್ದೇ ಮಾತೂ ಹೊರಟಿತು. ಯಾವ ಕಾಯಿ ಬಣ್ಣಕ್ಕೆ, ಯಾವುದು ಖಾರಕ್ಕೆ, ಹುರಿಯುವಾಗ ಎಣ್ಣೆ ಎಷ್ಟು ಹನಿ, ಅತ್ತೆ ಕಲಿಸಿದ್ದೇನು, ಕಲಿಸದೆ ಬಚ್ಚಿಟ್ಟಿದ್ದೇನು. ರೆಕಾರ್ಡ್ ಮಾಡುತ್ತ ಎದುರು ಕುಳಿತ ನನಗೇ ನಗು ತಡೆಯಲಾಗಲಿಲ್ಲ.

ಆದರೆ ಮಾತಿನ ಹಿಂದೆ ಮೆಣಸಿನಕಾಯಿಯ ಗಲಗಲ ಸಪ್ಪಳ ಒಂದೇ ಸಮ. ಹಾವೇರಿಗೆ ಬಂದು, ಕಂಪ್ಯೂಟರ್ ಕ್ಲಾಸಿನಲ್ಲಿ ಸದ್ದು ತೆಗೆಯುವುದನ್ನು ಕಲಿತು, ಎರಡು ದಿನ ಕುಳಿತು ಸ್ವಚ್ಛ ಮಾಡಿದೆ. ಒಂದೇ ಮಾತಿನ ಎರಡು ಪ್ರತಿ ಯಾಕೆಂದು ಮೊದಲಿನದನ್ನು ಅಳಿಸಿಬಿಟ್ಟೆ. ಅಂದೇ ಇಂಟರ್ನೆಟ್ಟಿಗೆ ಏರಿಸಿ, ಪರಿಚಯದವರಿಗೆಲ್ಲ ಮೇಲ್ ಕಳಿಸಿ, ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿದೆ.

ಮರುದಿನ ಬ್ಯಾಡಗಿಗೆ ಹೋಗಿ ತಂಗಿಗೆ ಕೇಳಿಸಿದೆ. ಅವಳು ಮುಖ ಸಣ್ಣದು ಮಾಡಿದಳು.

‘ನನ್ನ ಮೆಣಸಿನಕಾಯಿ ಎಲ್ಲಿ ಹೋದುವು?’

‘ಸಪ್ಪಳ ಆಗಿತ್ತು. ತಗದೆ.’

‘ಅಯ್ಯ ಶಿವನ! ಅಕ್ಕಾ, ಪ್ಯಾಟ್ಯಾಗ ಕಾಯಿ ಹೆಂಗ ತಗೋತಾರ ನೋಡಿಯಿಲ್ಲ? ಹಿಡಿ ತುಂಬ ತಗೊಂಡ ಕಿವೀ ಹತ್ರ ಅಳ್ಳಾಡಸ್ತಾರ. ಬೀಜ ಗಲಗಲ ಅಂದ್ರ ಒಣಗೇತಿ. ಸಪ್ಪಳ ಇಲ್ಲಂದ್ರ ಹಸೀ ಕಾಯಿ, ನಾಳೆ ಬೂಷ್ಟು ಹಿಡಿಯೂದು. ತೊಟ್ಟು ಮುರಕೋತ ಮಾತಾಡೇನಿ ಅಂತ ಹೇಳೇನಿ, ಸಪ್ಪಳನ ಇಲ್ಲ. ಹಸೀ ಕಾಯಿ ಮಾರ್ತೇನಿ ಅಂತ ಊರಿಗೆಲ್ಲಾ ಡಂಗುರ ಹೊಡದ ಬಂದೀಯಲ್ಲ!’

ಮೂವತ್ತು ವರ್ಷ ವರ್ಗದಲ್ಲಿ ‘ಸಪ್ಪಳ ಮಾಡಬ್ಯಾಡ್ರಿ’ ಎಂದೇ ಬದುಕಿದವಳು ನಾನು. ಆಗಲೇ ಪುಣೆಯಿಂದ, ನಮ್ಮೂರಿನವರೇ ಒಬ್ಬರು, ಮೇಲ್ ಬರೆದಿದ್ದರು: ‘ಕಾಯಿ ಎಲ್ಲಿಯವು? ಒಣಗಿವೆಯೇ?’ ಅದನ್ನು ನಾನು ಕುಚೋದ್ಯ ಎಂದುಕೊಂಡಿದ್ದೆ.

ಉಳಿದದ್ದು ಒಂದೂವರೆ ವಾರ. ಏರಿಸಿದ್ದನ್ನು ಇಳಿಸಿದೆ. ಮತ್ತೆ ರೆಕಾರ್ಡ್ ಮಾಡಲು ಕುಳಿತರೆ ಕರೆಂಟು ಹೋಯಿತು, ಯುಪಿಎಸ್ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಇನ್ನೊಂದು ದಿನ ಪಕ್ಕದ ಮನೆಯ ಸೀಮಂತದ ಹಾಡು. ಕೊನೆಗೆ ಐದನೆಯ ಶನಿವಾರ ಕೆಲಸ ಮುಗಿಯಿತು. ಈ ಸಲ ಮೊದಲ ಮಾತಿಗೂ ಮೊದಲು ತಂಗಿ ಒಂದು ಹಿಡಿ ಕಾಯಿಯನ್ನು ಮೈಕಿನ ಹತ್ತಿರ ಅಲ್ಲಾಡಿಸಿದಳು. ನಾನು ಏನನ್ನೂ ತೆಗೆಯಲಿಲ್ಲ.

ಹೊಸದನ್ನು ಏರಿಸಿ, ಮುಂದಿನ ವಾರವೆಲ್ಲ ದಿನಕ್ಕೆ ನಾಲ್ಕು ಸಲ ಮೇಲ್ ನೋಡಲು ಕಂಪ್ಯೂಟರ್ ಕ್ಲಾಸಿಗೆ ಹೋದೆ, ನಾಷ್ಟಾದ ಹೊತ್ತು ತಪ್ಪಿತು. ಬಂದವು ಐದು ಮೇಲ್. ಪುಣೆಯವರು, ‘ಈಗ ಕೇಳಿಸಿತು, ಎರಡು ಕಿಲೋ ಕಳಿಸಿ’ ಎಂದಿದ್ದರು. ಹುಬ್ಬಳ್ಳಿಯಿಂದ ಬಂದ ಎರಡು ಮೇಲ್ ಒಂದೊಂದು ಕಿಲೋ ಕೇಳಿದ್ದವು. ಉಳಿದವು ಬರೀ ಹೊಗಳಿಕೆ. ಮಷಿನ್ ಉಳಿಸಲು ಇದು ಸಾಕೇ? ನನ್ನ ಲೆಕ್ಕದಲ್ಲಿ ಸಾಲದು.

ರವಿವಾರ ಹತ್ತಕ್ಕೆ ಸರಿಯಾಗಿ ಟೆಂಪೊ ಬಂತು. ಗಿರಣಿಯವರನ್ನು ಕರೆದುಕೊಂಡು ಒಳಗೆ ಹೋದರೆ ತಂಗಿ ಕೌದಿಗಳ ನಡುವೆ, ಮೊರ ಮುಂದಿಟ್ಟುಕೊಂಡು ಎರಡನೆಯ ಮಾತು ರೆಕಾರ್ಡ್ ಮಾಡುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ತುಟಿಗೆ ಬೆರಳಿಟ್ಟು, ಕುಳಿತುಕೊಳ್ಳಿ ಎಂದು ಕಣ್ಣಿನಲ್ಲೇ ನೆಲ ತೋರಿಸಿದಳು.

ನಾವಿಬ್ಬರೂ ಸಪ್ಪಳ ಮಾಡದೆ ಕುಳಿತೆವು. ಮಾತು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಅವಳು ಮೈಕು ತೆಗೆದಿಟ್ಟು, ‘ಮಷಿನ್ ಕೊಡಂಗಿಲ್ರಿ ಅಣ್ಣಾರ. ಆರು ವಾರ ಅಂದಾಕಿ ನಮ್ಮಕ್ಕ, ನಾ ಅಲ್ಲ. ಚಾ ಕುಡದ ಹೋಗ್ರಿ,’ ಎಂದಳು.

ಅವರು ನನ್ನ ಕಡೆ ತಿರುಗಿದರು. ತಪ್ಪು ನನ್ನದೆಂದು ಹೇಳಿ, ಕೈಮುಗಿದು, ಚಹಾ ಮಾಡಲು ಎದ್ದೆ.